ಗಾಳದ ಚೀಲದಾಗ ಒಂದು ಸೀಟಿ ಇರಲಿ

ನಮ್ಮ ಸಂಘದ ಪತ್ರಿಕೆಗೆ ಇದು ನನ್ನ ಎರಡನೇ ಲೇಖನ. ಎಲ್‌ಕೆಜಿಯಿಂದ ಪಿಯುಸಿ ತನಕ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವನು ನಾನು. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದಲಿ, ವಿಷಯ ತಪ್ಪಿದ್ದರೆ ನೀವು ತಿದ್ದಿ.

ಈ ಸಲ ಬರೀತಿರೋದು ಮೀನು ಹಿಡಿಯೋದರ ಬಗ್ಗೆ. ಅಂದರೆ ಗಾಳ ಹೇಗೆ ಹಾಕೋದು, ಯಾವ ಹಿಟ್ಟಿನ ಉಂಡೆಗೆ ರೋಹು ಬರುತ್ತೆ ಅಂತಲ್ಲ. ಅದನ್ನ ನನಗಿಂತ ಚೆನ್ನಾಗಿ ಹೇಳೋರು ನಮ್ಮ ಹಾಸ್ಟೆಲ್‌ನಲ್ಲೇ ಹತ್ತು ಜನ ಇದ್ದಾರೆ. ನಾನು ಬರೀತಿರೋದು ದಡದಲ್ಲಿ ಕೂತಾಗ ಏನಾದರೂ ಆದರೆ ಸಹಾಯ ಕರೆಯೋಕೆ ಕೈಯಲ್ಲಿ ಏನಿರಬೇಕು ಅನ್ನೋದರ ಬಗ್ಗೆ. ಓದ್ತಿರೋದು ಇಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ಆದರೂ ಆ ದಿನ ನನ್ನ ಹತ್ತಿರ ‘ಕಮ್ಯುನಿಕೇಶನ್’ ಅನ್ನೋದು ಏನೂ ಇರಲಿಲ್ಲ.

ಆ ದಿನ ಏನಾಯ್ತು

ಸಂಕ್ರಾಂತಿ ರಜೆಗೆ ಬ್ಯಾಡಗಿಯ ಸೋದರಮಾವನ ಮನೆಗೆ ಹೋಗಿದ್ದೆ. ಮಾವ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಕೆಲಸ ಮಾಡ್ತಾರೆ. ಸಂಕ್ರಾಂತಿಗೆ ನಮ್ಮ ಕಡೆ ಜನ ಬುತ್ತಿ ಕಟ್ಟಿಕೊಂಡು ಹೊಳೆಗೆ ಹೋಗೋದು ನಿಮಗೆ ಗೊತ್ತೇ ಇದೆ. ನಾವು ಮೂರು ಜನ ಹಬ್ಬದ ಮಾರನೇ ದಿನ ಹೋದ್ವಿ: ಮಾವ, ಮಾವನ ಮಗ (ಏಳನೇ ಕ್ಲಾಸು) ಮತ್ತು ನಾನು. ರಾಣೇಬೆನ್ನೂರು ತಾಲೂಕಿನ ತುಂಗಭದ್ರಾ ದಂಡೆ, ರಸ್ತೆಯಿಂದ ಹೊಲದ ದಾರೀಲಿ ಒಂದೂವರೆ ಕಿಲೋಮೀಟರ್ ಒಳಗೆ. ಜನ ಇರೋ ಕಡೆ ಮೀನು ಕಚ್ಚಲ್ಲ ಅಂತ ಮಾವನ ಲೆಕ್ಕ.

ಸಂಜೆ ನಾಲ್ಕರ ಹೊತ್ತಿಗೆ ಮಾವನ ಗಾಳ ಕಲ್ಲಿಗೆ ಸಿಕ್ಕಿಹಾಕಿಕೊಳ್ತು. ಬಿಡಿಸೋಕೆ ಇಳಿದರು. ಮೇಲಿಂದ ನೋಡಿದರೆ ಮೊಣಕಾಲುದ್ದ ನೀರು. ಆದರೆ ಅಲ್ಲಿ ಯಾವಾಗಲೋ ಮರಳು ತೆಗೆದ ಗುಂಡಿ ಇತ್ತು. ಕಾಲು ಜಾರಿ ಎರಡು ಬಂಡೆ ನಡುವೆ ಸಿಕ್ಕಿತು, ಪಾದದ ಹತ್ತಿರ ಮೂಳೆ ಮುರೀತು. ಎದೆಮಟ್ಟ ನೀರಲ್ಲಿ ಬಂಡೆ ಹಿಡ್ಕೊಂಡು ನಿಂತುಬಿಟ್ಟರು. ಅವರ ಫೋನು ಅಂಗಿ ಜೇಬಿನಲ್ಲೇ ಇತ್ತು, ಅವರ ಜೊತೆಗೇ ಮುಳುಗಿತ್ತು.

ನನ್ನ ಫೋನಿನಲ್ಲಿ ಹನ್ನೆರಡು ಪರ್ಸೆಂಟ್ ಬ್ಯಾಟರಿ, ಒಂದು ಕಡ್ಡಿ ಸಿಗ್ನಲ್. 112ಕ್ಕೆ ಹಚ್ಚಿದೆ, ಸಿಕ್ಕಿತು. ಆ ಕಡೆಯವರು ಸರಿಯಾಗೇ ಕೇಳಿದರು: ‘ಯಾವ ಊರು? ಹತ್ತಿರ ಏನಿದೆ?’ ನಾನು ಹೇಳಿದ್ದು ‘ಹೊಳಿ ದಂಡಿ, ರಾಣೇಬೆನ್ನೂರು ತಾಲೂಕು’. ಊರ ಹೆಸರು ನನಗೆ ಗೊತ್ತಿರಲಿಲ್ಲ, ಯಾಕಂದ್ರೆ ಬೈಕಿನ ಹಿಂದೆ ಕೂತು ರೀಲ್ಸ್ ನೋಡ್ತಾ ಬಂದಿದ್ದೆ. ಮಾವನ್ನ ಕೇಳೋಣ ಅಂತ ದಡಕ್ಕೆ ಇಳಿದೆ, ಇಳಿದ ಕೂಡಲೇ ಕಾಲ್ ಕಟ್ ಆಯ್ತು. ಮತ್ತೆ ಹಚ್ಚಿದೆ, ಮತ್ತೆ ಕಟ್. ಆಮೇಲೆ ನಾನು, ಆ ಹುಡುಗ ಇಬ್ಬರೂ ಕೂಗೋಕೆ ಶುರು ಮಾಡಿದ್ವಿ. ಸುಮಾರು ಮುಕ್ಕಾಲು ಗಂಟೆ ಕೂಗಿ ಗಂಟಲು ಹೋದ ಮೇಲೆ ಒಬ್ಬ ಕುರಿ ಕಾಯೋರಿಗೆ ಕೇಳಿಸಿತು. ಅವರು ಬಂದು, ಇನ್ನಿಬ್ಬರನ್ನ ಕರೆದು, ಮಾವನ್ನ ಎತ್ತಿದರು. ತಮ್ಮ ಫೋನಿನಿಂದ ‘ಇಂಥ ಊರು, ಇಂಥವರ ಪಂಪ್‌ಸೆಟ್ ಹತ್ರ’ ಅಂತ ಒಂದೇ ಮಾತಲ್ಲಿ ಹೇಳಿದರು. ಟ್ರ್ಯಾಕ್ಟರ್‌ನಲ್ಲಿ ರಸ್ತೆಗೆ ಬರೋ ಹೊತ್ತಿಗೆ 108 ಆಂಬುಲೆನ್ಸ್ ನಿಂತಿತ್ತು.

ಮಾವ ಉಳಿದರು. ಆದರೆ ಕಾಲಿಗೆ ರಾಡು ಹಾಕಿದರು, ಮೂರು ತಿಂಗಳು ಕೆಲಸ ಇಲ್ಲ. ಜನವರಿಯಿಂದ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ನು. ಹಮಾಲರಿಗೆ ವರ್ಷದ ದುಡಿಮೆ ಅಂದರೆ ಅದೇ. ಆ ಸೀಸನ್ ಪೂರ್ತಿ ಅವರು ಮನೇಲಿ ಮಂಚದ ಮೇಲಿದ್ದರು.

ಅವತ್ತಿನಿಂದ ನಾನು ಈ ವಿಷಯ ಓದೋಕೆ ಶುರು ಮಾಡಿದೆ. ಇದು ಅದರ ಸಾರ.

ಮೊದಲು ಪ್ರಶ್ನೆ ಸರಿ ಮಾಡ್ಕೊಳ್ಳೋಣ

‘ಯಾವ ಡಿವೈಸ್ ಒಳ್ಳೇದು?’ ಅನ್ನೋದು ತಪ್ಪು ಪ್ರಶ್ನೆ. ನಾನೂ ಮೊದಲು ಅದನ್ನೇ ಸರ್ಚ್ ಮಾಡಿದ್ದೆ. ಅಮೆರಿಕದವರ ಲಿಸ್ಟ್ ಬಂತು, ಎಲ್ಲಾ ಸ್ಯಾಟಲೈಟ್ ಡಿವೈಸುಗಳು. ಅವು ಇಲ್ಲಿ ಯಾಕೆ ನಡೆಯಲ್ಲ ಅಂತ ಮುಂದೆ ಹೇಳ್ತೀನಿ. ಸರಿಯಾದ ಪ್ರಶ್ನೆಗಳು ಮೂರು:

ಒಂದು, ನನ್ನ ಕರೆ ಯಾರಿಗೆ ಕೇಳಿಸಬೇಕು? ಇನ್ನೂರು ಮೀಟರ್ ದೂರದ ಹೊಲದವರಿಗೋ, ಬೆಂಗಳೂರಿನ ಕಂಟ್ರೋಲ್ ರೂಮಿಗೋ?

ಎರಡು, ನಾನು ಎಲ್ಲಿದ್ದೀನಿ ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ?

ಮೂರು, ಕೈ ಒದ್ದೆ, ಮೈ ನಡುಕ, ಒಂದೇ ಕೈ ಖಾಲಿ ಇರೋ ಹೊತ್ತಲ್ಲಿ ಆ ವಸ್ತು ಕೆಲಸ ಮಾಡುತ್ತಾ?

ಯಾವ ಸಾಮಾನನ್ನ ಬೇಕಾದರೂ ಈ ಮೂರು ಪ್ರಶ್ನೆಗೆ ಹಾಕಿ ನೋಡಿ, ಅದರ ಯೋಗ್ಯತೆ ತಾನಾಗೇ ತಿಳಿಯುತ್ತೆ.

ಫೋನು: ಎಲ್ಲರ ಹತ್ತಿರ ಇದೆ, ಆದರೆ...

ದಡದಲ್ಲಿ ಕೂತು ಮೀನು ಹಿಡಿಯೋರಿಗೆ ಮುಖ್ಯ ಸಾಧನ ಫೋನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಳೆ ದಂಡೆ ಅನ್ನೋದು ಫೋನಿಗೆ ಕೆಟ್ಟ ಜಾಗ. ಹೊಳೆ ಯಾವಾಗಲೂ ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲೇ ಹರಿಯುತ್ತೆ. ಟವರ್‌ನಿಂದ ಬರೋ ತರಂಗಕ್ಕೆ ದಂಡೆಯ ಏರಿ ಅಡ್ಡ, ಜಾಲಿ ಅಡ್ಡ, ಕಬ್ಬಿನ ಹೊಲ ಅಡ್ಡ. ಆಮೇಲೆ ಒಂದು ಭಾನುವಾರ ಅದೇ ಜಾಗಕ್ಕೆ ಹೋಗಿ ಸಿಗ್ನಲ್ ಅಳೆಯೋ ಆ್ಯಪ್ ಹಾಕಿ ನೋಡಿದೆ. ಮೇಲೆ ಹೊಲದ ಬದುವಿನಲ್ಲಿ ಮೈನಸ್ 80 ಡಿಬಿಎಂ ಆಸುಪಾಸು ಇತ್ತು. ಕೆಳಗೆ ನೀರಿನ ಹತ್ತಿರ ಮೈನಸ್ 110. ಮೂವತ್ತೇ ವ್ಯತ್ಯಾಸ ಅಂತ ಅನ್ನಿಸಬಹುದು. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೆ ಹತ್ತು ಪಟ್ಟು. ಮೂವತ್ತು ಅಂದರೆ ಸಾವಿರ ಪಟ್ಟು ಕಮ್ಮಿ ಸಿಗ್ನಲ್. ಅವತ್ತು ನಾನು ಮಾವನ ಹತ್ತಿರ ಇಳಿದಾಗ ಕಾಲ್ ಕಟ್ ಆಗಿದ್ದು ಇದಕ್ಕೇ. ಎಂಟು ಹತ್ತು ಮೀಟರ್ ಏರಿ ಮೇಲೆ ನಿಂತು ಮಾತಾಡಿದ್ದರೆ ಸಾಕಿತ್ತು.

ಹಾಗಾಗಿ ಮೊದಲ ನಿಯಮ: ಕೂತ ಜಾಗದಲ್ಲೇ ಒಂದು ಸಲ ಫೋನ್ ತೆಗೆದು ನೋಡಿ. ಸಿಗ್ನಲ್ ಇಲ್ಲ ಅಂದರೆ ಎಲ್ಲಿಗೆ ಹತ್ತಿದರೆ ಸಿಗುತ್ತೆ ಅಂತ ಗಾಳ ಹಾಕೋ ಮೊದಲೇ ಹುಡುಕಿ ಇಟ್ಕೊಳ್ಳಿ.

ಇನ್ನು ಕೆಲವು ಗೊತ್ತಿರಬೇಕಾದ ವಿಷಯ.

ನಿಮ್ಮ ಸಿಮ್ಮಿಗೆ ನೆಟ್‌ವರ್ಕ್ ಇಲ್ಲದೆ ‘ತುರ್ತು ಕರೆ ಮಾತ್ರ’ ಅಂತ ತೋರಿಸ್ತಾ ಇದ್ದರೆ ಕೈ ಬಿಡಬೇಡಿ. ಬೇರೆ ಕಂಪನಿಯ ಟವರ್ ಅಲ್ಲಿ ಇದೆ, 112ರ ಕರೆಯನ್ನ ಅದರ ಮೇಲೆ ಕಳಿಸೋಕೆ ಫೋನು ಪ್ರಯತ್ನ ಮಾಡುತ್ತೆ ಅಂತ ಅದರ ಅರ್ಥ. ಎರಡು ಸಿಮ್ ಹಾಕೋ ಫೋನಿದ್ದರೆ ಎರಡನ್ನೂ ಬೇರೆ ಬೇರೆ ಕಂಪನಿಯದು ಇಟ್ಕೊಳ್ಳೋದು ಜಾಣತನ. ಒಂದೇ ಕಂಪನಿಯ ಎರಡು ಸಿಮ್ ಇಟ್ಟರೆ ಎರಡೂ ಒಟ್ಟಿಗೇ ಸಾಯ್ತವೆ.

ಫೋನು ಲಾಕ್ ಇದ್ದರೂ 112 ಹಚ್ಚಬಹುದು. ಮಾವನ ಮಗನಿಗೆ ಇದು ಗೊತ್ತಿರಲಿಲ್ಲ. ‘ಅಣ್ಣ ನಿನ್ನ ಪಿನ್ ಎಷ್ಟು?’ ಅಂತ ಅಳ್ತಾ ಕೇಳಿದ್ದ. ಲಾಕ್ ಸ್ಕ್ರೀನಿನ ಕೆಳಗೆ ತುರ್ತು ಕರೆ ಅಂತ ಇರುತ್ತೆ, ಮನೆಯ ಚಿಕ್ಕವರಿಗೆ ತೋರಿಸಿ ಇಡಿ. ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ಪ್ಯಾನಿಕ್ ಬಟನ್ ನಿಯಮದ ಪ್ರಕಾರ ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನ ಒತ್ತಿ ಹಿಡಿದರೆ, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಮೂರು ಸಲ ಒತ್ತಿದರೆ ತುರ್ತು ಕರೆ ಹೋಗಬೇಕು. ಈಗಿನ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಐದು ಸಲ ಒತ್ತಬೇಕಾದದ್ದೂ ಇವೆ. ನಿಮ್ಮ ಫೋನಿನದು ಯಾವುದು ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ. ಸುಮ್ಮನೆ ಪರೀಕ್ಷೆ ಮಾಡೋಕೆ ಅಂತ 112ಕ್ಕೆ ಹಚ್ಚಬೇಡಿ, ಅದೇ ಹೊತ್ತಿಗೆ ಇನ್ಯಾರಿಗೋ ನಿಜವಾಗಿ ಬೇಕಾಗಿರುತ್ತೆ.

ಸಿಗ್ನಲ್ ತೀರಾ ಕಮ್ಮಿ ಇದ್ದಾಗ ಮಾತಿಗಿಂತ ಎಸ್‌ಎಂಎಸ್ ಮೇಲು. ಮಾತಾಡೋಕೆ ಸಿಗ್ನಲ್ ಬಿಡದೆ ಇರಬೇಕು. ಎಸ್‌ಎಂಎಸ್ಸಿಗೆ ಒಂದೆರಡು ಸೆಕೆಂಡ್ ಸಿಕ್ಕರೆ ಸಾಕು, ಹೊರಟುಹೋಗುತ್ತೆ. ಆ ಕಡೆಯವರ ಫೋನ್ ಆಫ್ ಇದ್ದರೂ ಕಂಪನಿಯ ಸರ್ವರ್‌ನಲ್ಲಿ ಕಾದು ಆಮೇಲೆ ತಲುಪುತ್ತೆ. ವಾಟ್ಸಾಪ್ ಅಲ್ಲ ಮತ್ತೆ, ಮಾಮೂಲಿ ಮೆಸೇಜ್. ವಾಟ್ಸಾಪಿಗೆ ಡೇಟಾ ಬೇಕು.

ಇನ್ನು ನೀರಿನ ವಿಷಯ. ಐಪಿ67 ಅಂದರೆ ಒಂದು ಮೀಟರ್ ಸಿಹಿನೀರಿನಲ್ಲಿ ಮೂವತ್ತು ನಿಮಿಷ ತಡೆಯುತ್ತೆ ಅಂತ ಲ್ಯಾಬಿನಲ್ಲಿ ಪರೀಕ್ಷೆ ಆಗಿದೆ ಅಂತರ್ಥ. ಐಪಿ68 ಅದಕ್ಕಿಂತ ಜಾಸ್ತಿ, ಎಷ್ಟು ಅನ್ನೋದನ್ನ ಕಂಪನಿ ಹೇಳುತ್ತೆ. ಆದರೆ ಫೋನು ಕೆಡದೇ ಇರೋದು ಬೇರೆ, ಕೆಲಸ ಮಾಡೋದು ಬೇರೆ. ಸ್ಕ್ರೀನ್ ಮೇಲೆ ನೀರಿದ್ದರೆ ಟಚ್ ಸರಿಯಾಗಿ ಕೇಳಲ್ಲ, ಯಾಕಂದ್ರೆ ನೀರೂ ಬೆರಳಿನ ಹಾಗೇ ಸ್ಕ್ರೀನಿನ ವಿದ್ಯುತ್ ಕ್ಷೇತ್ರವನ್ನ ಕದಡುತ್ತೆ. ನೀರಿನ ಒಳಗಿಂದ ರೇಡಿಯೋ ತರಂಗವೂ ಹೊರಗೆ ಬರಲ್ಲ. ಒಂದೆರಡು ಅಡಿ ಕೆಳಗೆ ಹೋದರೆ ಮುಗೀತು, ಕಾಲ್ ಇಲ್ಲ, ಜಿಪಿಎಸ್ ಇಲ್ಲ. ಅದಕ್ಕೇ ಕುತ್ತಿಗೆಗೆ ಹಾಕೋ ನೀರು ಹೋಗದ ಪೌಚ್ ಬೇಕು. ಒಳಗೆ ಸ್ವಲ್ಪ ಗಾಳಿ ಬಿಟ್ಟು ಮುಚ್ಚಿದರೆ ತೇಲುತ್ತೆ ಕೂಡ. ಮನೇಲಿ ಬಕೆಟ್ಟಿಗೆ ಹಾಕಿ ಪರೀಕ್ಷೆ ಮಾಡಿ, ಆದರೆ ಫೋನ್ ಬದಲು ಒಳಗೆ ಟಿಶ್ಯೂ ಪೇಪರ್ ಇಟ್ಟು.

ಬ್ಯಾಟರಿ: ಸಿಗ್ನಲ್ ಕಮ್ಮಿ ಇರೋ ಕಡೆ ಫೋನು ಟವರ್ ಹುಡುಕುತ್ತಾ, ಜಾಸ್ತಿ ಪವರ್‌ನಲ್ಲಿ ಕೂಗುತ್ತಾ ಇರುತ್ತೆ. ಅದಕ್ಕೇ ದಂಡೆ ಮೇಲೆ ಚಾರ್ಜ್ ಬೇಗ ಇಳಿಯುತ್ತೆ. ಜೊತೆಯಲ್ಲಿ ಇಬ್ಬರಿದ್ದರೆ ಒಬ್ಬರ ಫೋನ್ ಏರೋಪ್ಲೇನ್ ಮೋಡಿನಲ್ಲಿ ಚೀಲದಲ್ಲಿ ಇರಲಿ. ನನ್ನ ಈಗಿನ ಏರ್ಪಾಡು ಇನ್ನೂ ಸರಳ: ಒಂದು ಹಳೇ ಕೀಪ್ಯಾಡ್ ಫೋನು, ಬೇರೆ ಕಂಪನಿಯ ಸಿಮ್ಮು. ದಿನಗಟ್ಟಲೆ ಚಾರ್ಜ್ ನಿಲ್ಲುತ್ತೆ, ಒದ್ದೆ ಕೈಯಲ್ಲೂ ಬಟನ್ ಒತ್ತಬಹುದು.

‘ಎಲ್ಲಿದ್ದೀರಿ?’

ನನ್ನ ಪ್ರಕಾರ ಇಡೀ ಲೇಖನದಲ್ಲಿ ಇದೇ ಮುಖ್ಯ ಭಾಗ. ಪೇಟೆಯಲ್ಲಿ ‘ಬಸ್‌ಸ್ಟ್ಯಾಂಡ್ ಎದುರಿಗೆ’ ಅಂದರೆ ಮುಗೀತು. ಹೊಳೆ ದಂಡೆಗೆ ವಿಳಾಸ ಇಲ್ಲ.

ನಮ್ಮ ಕಡೆ ಇನ್ನೊಂದು ತೊಡಕಿದೆ. ರಾಣೇಬೆನ್ನೂರಿನ ಉದ್ದಕ್ಕೂ ತುಂಗಭದ್ರೆಯೇ ಜಿಲ್ಲೆಯ ಗಡಿ. ಈ ದಡ ಹಾವೇರಿ ಜಿಲ್ಲೆ, ಆ ದಡ ದಾವಣಗೆರೆ, ಮುಂದೆ ಕೆಳಗೆ ಹೋದರೆ ವಿಜಯನಗರ ಜಿಲ್ಲೆ. ನೀರಿನ ಮೇಲೆ ಅಡ್ಡ ಏನೂ ಇಲ್ಲದ್ದಕ್ಕೆ ನಿಮ್ಮ ಫೋನು ಆಚೆ ದಡದ ಟವರನ್ನ ಹಿಡಿದಿರಬಹುದು. ಟವರ್ ಲೆಕ್ಕದಲ್ಲಿ ಸಿಗೋ ಜಾಗ ಹಳ್ಳಿಗಳಲ್ಲಿ ಕಿಲೋಮೀಟರುಗಟ್ಟಲೆ ಆಚೀಚೆ ಆಗುತ್ತೆ. ಸಹಾಯಕ್ಕೆ ಬಂದವರು ಎದುರು ದಡದಲ್ಲಿ ನಿಂತರೆ ಕಣ್ಣಿಗೆ ಕಾಣ್ತಾರೆ, ಕೈಗೆ ಸಿಗಲ್ಲ. ಸೇತುವೆ ಸುತ್ತಿಕೊಂಡು ಬರಬೇಕು. ಅದಕ್ಕೇ 112ಕ್ಕೆ ಹೇಳುವಾಗ ಮೊದಲ ಮಾತು ‘ಹಾವೇರಿ ಜಿಲ್ಲೆ ಕಡೆಯ ದಡ’ ಅಂತಲೇ ಇರಲಿ.

ಎರಡನೇದು ಅಕ್ಷಾಂಶ, ರೇಖಾಂಶ. ಜಿಪಿಎಸ್ಸಿಗೆ ನೆಟ್‌ವರ್ಕ್ ಬೇಡ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಫೋನಿನ ಜಿಪಿಎಸ್ ಬರೀ ಕೇಳಿಸಿಕೊಳ್ಳುತ್ತೆ, ಏನನ್ನೂ ಕಳಿಸಲ್ಲ. ಉಪಗ್ರಹಗಳು ಹೇಳೋ ಸಮಯ ಕೇಳಿಸಿಕೊಂಡು ತನ್ನ ಜಾಗ ತಾನೇ ಲೆಕ್ಕ ಹಾಕುತ್ತೆ. ನೆಟ್‌ವರ್ಕ್ ಇದ್ದರೆ ಬೇಗ ಆಗುತ್ತೆ ಅಷ್ಟೇ. ಇಲ್ಲದಿದ್ದರೆ ಪ್ರತಿ ಉಪಗ್ರಹದ ಕಕ್ಷೆಯ ವಿವರವನ್ನ ಉಪಗ್ರಹದಿಂದಲೇ ಇಳಿಸಿಕೊಳ್ಳಬೇಕು. ಆ ವಿವರ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ, 30 ಸೆಕೆಂಡಿಗೊಮ್ಮೆ ಬರುತ್ತೆ. ಅದಕ್ಕೆ ತಡ. ಹಾಗಾಗಿ ದಂಡೆಗೆ ಬಂದ ತಕ್ಷಣ ಮ್ಯಾಪ್ ತೆಗೆದು, ನೀಲಿ ಚುಕ್ಕಿ ಮೇಲೆ ಒತ್ತಿ ಹಿಡಿದು, ಬರೋ ಎರಡು ಸಂಖ್ಯೆಯನ್ನ ಮನೆಯವರಿಗೆ ಮೆಸೇಜ್ ಮಾಡಿಬಿಡಿ.

ರಾಣೇಬೆನ್ನೂರು ಪೇಟೆ ಸುಮಾರು 14.62 ಉತ್ತರ, 75.63 ಪೂರ್ವದಲ್ಲಿದೆ. ಚುಕ್ಕಿ ಆದಮೇಲೆ ಎರಡೇ ಅಂಕಿ ಹೇಳಿದರೆ ಸುಮಾರು ಒಂದು ಕಿಲೋಮೀಟರ್ ಅಂದಾಜು. ನಾಲ್ಕು ಅಂಕಿ ಹೇಳಿದರೆ ಹನ್ನೊಂದು ಮೀಟರ್ ಒಳಗೆ. ನಾಲ್ಕು ಸಾಕು. ಒಂದೊಂದೇ ಅಂಕಿ ಬಿಡಿಸಿ ಹೇಳಿ, ಆ ಕಡೆಯವರಿಂದ ತಿರುಗಿ ಹೇಳಿಸಿ. ‘112 ಇಂಡಿಯಾ’ ಆ್ಯಪ್ ಹಾಕಿಕೊಂಡಿದ್ದರೆ ಅದೇ ಜಾಗ ಕಳಿಸುತ್ತೆ, ಆದರೆ ಅದಕ್ಕೂ ನೆಟ್‌ವರ್ಕ್ ಬೇಕೇ ಬೇಕು.

ಮೂರನೇದು, ಕುರಿ ಕಾಯೋರು ನನಗೆ ಕಲಿಸಿದ್ದು. ಹೊಲದ ಯಜಮಾನರ ಹೆಸರು, ಪಂಪ್‌ಸೆಟ್ಟು, ಗುಡಿ, ಕಂಬ. ಟ್ರಾನ್ಸ್‌ಫಾರ್ಮರಿನ ಮೇಲೆ ನಂಬರ್ ಬರೆದಿದ್ದರೆ ಅದನ್ನೂ ಫೋಟೋ ತೆಗೆದುಕೊಳ್ಳಿ. ಊರಿನವರಿಗೆ ಅಕ್ಷಾಂಶ ಹೇಳಿದರೆ ಉಪಯೋಗ ಇಲ್ಲ, ‘ಹನುಮಪ್ಪನ ಗುಡಿ ಹಿಂದ’ ಅಂದರೆ ಐದು ನಿಮಿಷದಲ್ಲಿ ಬರ್ತಾರೆ. ಆಮೇಲೆ ಲೆಕ್ಕ ಹಾಕಿದರೆ ನಮ್ಮನ್ನ ಉಳಿಸಿದ್ದು ಈ ವಿಳಾಸವೇ.

ಸೀಟಿ

ನಗಬೇಡಿ. ಮೂರು ಪ್ರಶ್ನೆಗೂ ಒಳ್ಳೇ ಉತ್ತರ ಕೊಡೋ ಸಾಮಾನು ಇದೊಂದೇ. ಬ್ಯಾಟರಿ ಬೇಡ, ನೆಟ್‌ವರ್ಕ್ ಬೇಡ, ಒಂದು ಕೈಯೂ ಬೇಡ, ಬಾಯಲ್ಲಿದ್ದರೆ ಸಾಕು. ಸದ್ದು ಎಲ್ಲಿಂದ ಬರ್ತಿದೆಯೋ ನೀವು ಅಲ್ಲೇ ಇದ್ದೀರಿ, ಅಕ್ಷಾಂಶ ಹೇಳೋ ಕೆಲಸವೇ ಇಲ್ಲ.

ಕೂಗೋದಕ್ಕಿಂತ ಸೀಟಿ ಯಾಕೆ ಮೇಲು? ನಮ್ಮ ಕಿವಿ ಎರಡರಿಂದ ನಾಲ್ಕು ಕಿಲೋಹರ್ಟ್ಸ್ ನಡುವಿನ ಸದ್ದಿಗೆ ಎಲ್ಲಕ್ಕಿಂತ ಚುರುಕು. ಒಳ್ಳೇ ಸೀಟಿಯ ಸದ್ದು ಅಲ್ಲೇ ಬೀಳುತ್ತೆ. ಗಾಳಿ, ನೀರು, ಮೋಟಾರಿನ ಗದ್ದಲ ಹೆಚ್ಚಾಗಿ ಅದಕ್ಕಿಂತ ಕೆಳಗಿನ ಸ್ವರದಲ್ಲಿರುತ್ತೆ, ಸೀಟಿ ಅದರ ಮೇಲೆ ಎದ್ದು ಕೇಳುತ್ತೆ. ನಮ್ಮ ಬಸ್ ಕಂಡಕ್ಟರುಗಳು ಅಷ್ಟು ಗಲಾಟೆಯಲ್ಲೂ ಡ್ರೈವರಿಗೆ ಕೇಳೋ ಹಾಗೆ ಸೀಟಿ ಊದೋದು ಇದೇ ಕಾರಣಕ್ಕೆ. ಕೂಗಿದರೆ ಹತ್ತು ನಿಮಿಷಕ್ಕೆ ಗಂಟಲು ಹೋಗುತ್ತೆ, ಸೀಟಿಯನ್ನ ಉಸಿರು ಇರೋ ತನಕ ಊದಬಹುದು.

ಕೊಳ್ಳುವಾಗ ಒಳಗೆ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿ ತಗೊಳ್ಳಿ. ಗುಂಡಿನ ಸೀಟಿಗೆ ನೀರು ಹೋದರೆ ಗುಂಡು ಅಂಟಿಕೊಳ್ಳುತ್ತೆ. ನಾನು ತಗೊಂಡಿದ್ದು ನೂರು ರೂಪಾಯಿ ಒಳಗೇ ಸಿಕ್ಕಿತು. ಚೀಲದಲ್ಲಿ ಅಲ್ಲ, ಕುತ್ತಿಗೆಯಲ್ಲಿ ಇರಲಿ. ಊದೋ ಕ್ರಮ: ಮೂರು ಸಲ, ನಿಲ್ಲಿಸಿ, ಮತ್ತೆ ಮೂರು ಸಲ. ಮೂರು ಅನ್ನೋದು ಬಹಳ ಕಡೆ ಒಪ್ಪಿಕೊಂಡ ಆಪತ್ತಿನ ಗುರುತು. ಕತ್ತಲಾದರೆ ಟಾರ್ಚ್‌ನಲ್ಲೂ ಅದೇ, ಮೂರು ಮಿಂಚು, ಒಂದು ಬಿಡುವು.

ವಾಕಿ ಟಾಕಿ, ಲೋರಾ

ನಮ್ಮ ಕ್ಲಾಸಿನವರಿಗೆ ಇಷ್ಟ ಆಗೋ ಭಾಗ ಇದು. ನದಿಯ ಉದ್ದಕ್ಕೆ ನಾಲ್ಕೈದು ಜನ ಹಂಚಿಕೊಂಡು ಕೂತಾಗ ವಾಕಿ ಟಾಕಿ ಒಳ್ಳೇದೇ. ಆದರೆ ಆನ್‌ಲೈನಿನಲ್ಲಿ ಕಂಡಿದ್ದನ್ನ ತರಿಸಬೇಡಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಕಮ್ಮಿ ಪವರ್‌ನ ವಾಕಿ ಟಾಕಿಗಳಿಗೆ 446.0ರಿಂದ 446.2 ಮೆಗಾಹರ್ಟ್ಸ್ ಬಿಟ್ಟಿದ್ದಾರೆ, ಸೆಟ್ಟಿಗೆ ಇಟಿಎ ಅನುಮೋದನೆಯೂ ಇರಬೇಕು. ಇಡೀ ವಿಎಚ್‌ಎಫ್, ಯುಎಚ್‌ಎಫ್ ಹಿಡಿಯೋ ಚೀನಾ ಸೆಟ್ಟುಗಳಿಗೆ ಲೈಸೆನ್ಸ್ ಬೇಕು. ಪೊಲೀಸ್, ಆಂಬುಲೆನ್ಸಿನವರ ಚಾನೆಲ್ಲಿಗೆ ಅಡ್ಡ ಬಂದರೆ ನೀವೇ ಇನ್ನೊಬ್ಬರ ಆಪತ್ತಿಗೆ ಕಾರಣ ಆಗ್ತೀರಿ. ಇಂಥ ಸೆಟ್ಟುಗಳನ್ನ ನಿಯಮ ಮೀರಿ ಆನ್‌ಲೈನಿನಲ್ಲಿ ಮಾರೋದನ್ನ ತಡೆಯೋಕೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ಹೊರಡಿಸಿದೆ.

ಲೋರಾ ಮಾಡ್ಯೂಲಿನಲ್ಲಿ ಪ್ರಾಜೆಕ್ಟ್ ಮಾಡೋರಿಗೆ 865ರಿಂದ 867 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಸಿಗುತ್ತೆ. ನೆಟ್‌ವರ್ಕ್ ಇಲ್ಲದೆ ಸಣ್ಣ ಮೆಸೇಜುಗಳನ್ನ ಕಿಲೋಮೀಟರುಗಳಾಚೆ ಕಳಿಸಬಹುದು. ಆದರೆ ಇಲ್ಲಿ ಮೊದಲ ಪ್ರಶ್ನೆ ಮರೀಬೇಡಿ: ಆ ಕಡೆ ಯಾರಿದ್ದಾರೆ? ಆ ಕಡೆ ಕೇಳೋರು ಇಲ್ಲ ಅಂದರೆ ಎಂಥ ರೇಡಿಯೋ ಆದರೂ ಆಟಿಕೆಯೇ.

ಉಪಗ್ರಹದ ಸಾಧನಗಳು

ಹೊರದೇಶದಲ್ಲಿ ಮೀನು ಹಿಡಿಯೋರು, ಬೆಟ್ಟ ಹತ್ತೋರು ಉಪಗ್ರಹದ ಮೂಲಕ ಮೆಸೇಜ್ ಕಳಿಸೋ ಸಣ್ಣ ಡಿವೈಸ್ ಇಟ್ಕೊಳ್ತಾರೆ. ಭಾರತದಲ್ಲಿ ದೂರಸಂಪರ್ಕ ಇಲಾಖೆ ಅನುಮತಿ ಇಲ್ಲದೆ ಸ್ಯಾಟಲೈಟ್ ಫೋನ್ ಇಟ್ಕೊಳ್ಳೋದೇ ಅಪರಾಧ. 2008ರ ಮುಂಬೈ ದಾಳಿಯಲ್ಲಿ ಉಗ್ರರು ಇಂಥ ಫೋನ್ ಬಳಸಿದ್ದರು. ಗೊತ್ತಿಲ್ಲದೆ ಇಂಥ ಡಿವೈಸ್ ತಂದ ವಿದೇಶಿ ಪ್ರವಾಸಿಗರನ್ನ ಗೋವಾ, ದೆಹಲಿ ವಿಮಾನ ನಿಲ್ದಾಣಗಳಲ್ಲಿ ಹಿಡಿದ ಸುದ್ದಿಯನ್ನ ನೀವೂ ಓದಿರಬಹುದು. ಅನುಮತಿ ಪಡೆದು ಬಿಎಸ್‌ಎನ್‌ಎಲ್ ಮೂಲಕ ತಗೊಳ್ಳೋ ದಾರಿ ಇದೆ, ಅದು ನಮ್ಮಂಥ ಭಾನುವಾರದ ಗಾಳದವರಿಗಲ್ಲ. ಫಾರಿನ್ನಿಂದ ಅಣ್ಣ ಬರುವಾಗ ತರಿಸೋಣ ಅಂತ ಯೋಚನೆ ಇದ್ದರೆ ಬಿಟ್ಟುಬಿಡಿ.

ಆದರೆ ಉಪಗ್ರಹದ ಕಥೆಯಲ್ಲಿ ನಮ್ಮ ಕರ್ನಾಟಕಕ್ಕೆ ಒಂದು ದೊಡ್ಡ ಪಾತ್ರ ಇದೆ. ಕೋಸ್ಪಾಸ್-ಸಾರ್ಸ್ಯಾಟ್ ಅಂತ ಒಂದು ಅಂತರರಾಷ್ಟ್ರೀಯ ವ್ಯವಸ್ಥೆ. ಅಮೆರಿಕ, ರಷ್ಯಾ (ಆಗಿನ ಸೋವಿಯತ್ ಒಕ್ಕೂಟ), ಕೆನಡಾ, ಫ್ರಾನ್ಸ್ ಸೇರಿ ಕಟ್ಟಿದ್ದು. ಶೀತಲ ಸಮರದ ಕಾಲದಲ್ಲಿ ಜಗಳ ಆಡ್ತಾ ಇದ್ದವರು ಜೀವ ಉಳಿಸೋಕೆ ಮಾತ್ರ ಒಂದಾದರು. 1982ರಲ್ಲಿ ಅದರಿಂದ ಮೊದಲ ಜೀವಗಳು ಉಳಿದವು. ಹಡಗು, ವಿಮಾನ ಅಥವಾ ಮನುಷ್ಯರು ಇಟ್ಕೊಂಡ ಬೀಕನ್ 406 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತೆ, ಉಪಗ್ರಹ ಅದನ್ನ ಕೇಳಿಸಿಕೊಂಡು ಭೂಮಿಗೆ ಕಳಿಸುತ್ತೆ. ಭಾರತದ ಪಾಲಿನ ಕಂಟ್ರೋಲ್ ಸೆಂಟರ್ ಇರೋದು ನಮ್ಮ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್ ಕೇಂದ್ರದಲ್ಲಿ. ನೇಪಾಳ, ಶ್ರೀಲಂಕಾದಂಥ ನೆರೆ ದೇಶಗಳ ಕರೆಗಳೂ ಅಲ್ಲಿಗೇ ಬರ್ತವೆ.

ಇಸ್ರೋ ಸಮುದ್ರದ ಮೀನುಗಾರರಿಗೆ ಅಂತಲೇ ಡಿಎಟಿ ಅನ್ನೋ ಸಾಧನ ಮಾಡಿದೆ. 2010ರಿಂದ ಬಳಕೆಯಲ್ಲಿದೆ. ದೋಣಿ ಮುಳುಗ್ತಾ ಇದ್ದರೆ ಬಟನ್ ಒತ್ತಿದರೆ ಸಂದೇಶ ಉಪಗ್ರಹದಿಂದ ನಿಯಂತ್ರಣ ಕೇಂದ್ರಕ್ಕೆ, ಅಲ್ಲಿಂದ ಕೋಸ್ಟ್‌ಗಾರ್ಡಿಗೆ ಹೋಗುತ್ತೆ. ಮೊದಲ ಪೀಳಿಗೆಯದಕ್ಕೆ ಒಂದು ಕೊರತೆ ಇತ್ತು: ಕರೆ ತಲುಪಿತೋ ಇಲ್ಲವೋ ಅಂತ ಮುಳುಗ್ತಿರೋನಿಗೆ ಗೊತ್ತಾಗ್ತಿರಲಿಲ್ಲ. ಎರಡನೇ ಪೀಳಿಗೆಯಲ್ಲಿ ‘ನಿಮ್ಮ ಕರೆ ಸಿಕ್ಕಿದೆ’ ಅಂತ ತಿರುಗಿ ಉತ್ತರ ಬರುತ್ತೆ. ಎದೆಮಟ್ಟ ನೀರಲ್ಲಿ ಮಾವ ಮತ್ತೆ ಮತ್ತೆ ‘ಫೋನ್ ಹತ್ತಿತೇನೋ? ಬರ್ತಾರಂತೇನೋ?’ ಅಂತ ಕೇಳ್ತಿದ್ದದ್ದು ನೆನಪಾದಾಗ ಆ ಒಂದು ಸಾಲಿನ ಉತ್ತರದ ಬೆಲೆ ನನಗೆ ಅರ್ಥ ಆಯ್ತು.

ಇವೆಲ್ಲ ಸಮುದ್ರಕ್ಕೆ ಇಳಿಯೋ ದೋಣಿಗೆ. ದಡದವರಿಗೆ ಬೇಕಿಲ್ಲ.

ಹಾಗಾದರೆ ಯಾರಿಗೆ ಏನು?

ಹಾವೇರಿ ಪಕ್ಕದ ಹೆಗ್ಗೇರಿ ಕೆರೆಯಂಥ, ಪೇಟೆಗೆ ಹತ್ತಿರದ ಕೆರೆ: ಪೌಚಿನಲ್ಲಿ ಫೋನು, ಕುತ್ತಿಗೆಗೆ ಸೀಟಿ. ಸಾಕು. (ಕೆರೆಗಳನ್ನ ಮೀನುಗಾರಿಕೆಗೆ ಗುತ್ತಿಗೆ ಕೊಟ್ಟಿರ್ತಾರೆ, ಕೇಳಿ ಗಾಳ ಹಾಕಿ.)

ತುಂಗಭದ್ರಾ, ವರದಾ ದಂಡೆ: ಮೇಲಿನ ಎರಡರ ಜೊತೆ ಬೇರೆ ಕಂಪನಿ ಸಿಮ್ಮಿನ ಕೀಪ್ಯಾಡ್ ಫೋನು, ಟಾರ್ಚು, ಮನೆಗೆ ಕಳಿಸಿದ ಜಾಗದ ಮೆಸೇಜು. ಇಪ್ಪತ್ತು ಮೀಟರ್ ಹಗ್ಗಕ್ಕೆ ಮುಚ್ಚಳ ಬಿಗಿಯಾಗಿ ಹಾಕಿದ ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಕಟ್ಟಿ ಇಟ್ಕೊಳ್ಳಿ. ಬಿದ್ದವರ ಕಡೆ ಎಸೆಯೋಕೆ. ನೀರಿಗೆ ಧುಮುಕೋದಕ್ಕಿಂತ ಅದು ಸಾವಿರ ಪಾಲು ಮೇಲು. ಮಳೆಗಾಲದಲ್ಲಿ ಇನ್ನೊಂದು: ಇಲ್ಲಿ ಬಿಸಿಲಿದ್ದರೂ ಮಲೆನಾಡಲ್ಲಿ ಮಳೆ ಆಗಿ ಗಾಜನೂರಿನ ತುಂಗಾ, ಲಕ್ಕವಳ್ಳಿಯ ಭದ್ರಾ ಡ್ಯಾಮುಗಳಿಂದ ನೀರು ಬಿಟ್ಟರೆ ಕೂಡಲಿ, ಹೊನ್ನಾಳಿ, ಹರಿಹರ ದಾಟಿ ನಮ್ಮ ಕಡೆ ಹೊಳೆ ಏರುತ್ತೆ. 2019ರ ಆಗಸ್ಟ್ ನೆರೆ ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ. ಡ್ಯಾಮಿನ ಸುದ್ದಿ ನೋಡದೆ ಇಳೀಬೇಡಿ.

ಗುಡುಗು ಇದ್ದರೆ: ಕಾರ್ಬನ್ ಗಾಳದ ಕೋಲು ವಿದ್ಯುತ್ ಹರಿಸುತ್ತೆ, ಕೆಳಗಿಟ್ಟು ದೂರ ಹೋಗಿ. ಪುಣೆಯ ಐಐಟಿಎಂನವರ ‘ದಾಮಿನಿ’, ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಮೊದಲೇ ಎಚ್ಚರಿಕೆ ಕೊಡ್ತವೆ. ಪಂಪ್‌ಸೆಟ್ಟಿನ ಜೋತುಬಿದ್ದ ತಂತಿ ಕಂಡರೆ ಕೋಲು ಎತ್ತಬೇಡಿ, ಹೆಸ್ಕಾಂ 1912ಕ್ಕೆ ಹೇಳಿ.

ಶಿರಸಿ ಘಾಟ್ ಇಳಿದು ಕುಮಟಾ, ಗೋಕರ್ಣ, ಕಾರವಾರದ ಬಂಡೆ ಮೇಲೆ ಗಾಳ ಹಾಕೋರು: ಮೇಲಿನದ್ದೆಲ್ಲ, ಜೊತೆಗೆ ಲೈಫ್ ಜಾಕೆಟ್. 112 ಅಲ್ಲದೆ ಕೋಸ್ಟ್‌ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093 ಸೇವ್ ಮಾಡ್ಕೊಳ್ಳಿ. ಹೈದರಾಬಾದಿನ ಇನ್ಕಾಯ್ಸ್ ಕೊಡೋ ಎತ್ತರದ ಅಲೆಯ ಎಚ್ಚರಿಕೆ ನೋಡಿಯೇ ಹೊರಡಿ. ಬಯಲುಸೀಮೆಯ ನಮಗೆ ಅಲೆಯ ಲೆಕ್ಕ ಗೊತ್ತಿಲ್ಲ, ಅದನ್ನ ಒಪ್ಪಿಕೊಳ್ಳೋಣ.

ದುಡ್ಡಿಲ್ಲದ ಸಾಧನ

ಕೊನೇದು, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಹೊರಡೋ ಮೊದಲು ಮನೇಲಿ ಮೂರು ಮಾತು ಹೇಳಿ: ಎಲ್ಲಿಗೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ಸು. ‘ಏಳಕ್ಕೆ ಬರ್ತೀನಿ, ಎಂಟಕ್ಕೂ ಬರ್ಲಿಲ್ಲ ಅಂದ್ರೆ ಫೋನ್ ಮಾಡು, ಎತ್ತಲಿಲ್ಲ ಅಂದ್ರೆ ಇಂಥವರಿಗೆ ಹೇಳು.’ ನಿಮ್ಮ ಹತ್ತಿರದ ಎಲ್ಲಾ ಸಾಧನ ಸತ್ತುಹೋದರೂ ಇದು ಕೆಲಸ ಮಾಡುತ್ತೆ. ಅವತ್ತು ಅತ್ತೆಗೆ ನಾವು ಹೇಳಿದ್ದು ‘ಹೊಳಿಗ್ ಹೋಗಿ ಬರ್ತೀವಿ’ ಅಂತ ಮಾತ್ರ. ಯಾವ ಹೊಳೆ, ಯಾವ ಊರು, ಏನೂ ಇಲ್ಲ. ಆ ಕುರಿ ಕಾಯೋರು ಆ ಕಡೆ ಬರದೇ ಇದ್ದಿದ್ದರೆ ಅತ್ತೆ ಎಲ್ಲಿ ಅಂತ ಹುಡುಕಬೇಕಿತ್ತು?

ರಾಣೇಬೆನ್ನೂರಿನ ದಂಡೆಯಲ್ಲಿ ಚೌಡಯ್ಯದಾನಪುರ ಇದೆ, ಅಂಬಿಗರ ಚೌಡಯ್ಯನ ಹೆಸರಿನ ಊರು. ಹನ್ನೆರಡನೇ ಶತಮಾನದಲ್ಲಿ ಜನರನ್ನ ದಡ ಮುಟ್ಟಿಸೋದೇ ಆ ಶರಣನ ಕಾಯಕ ಆಗಿತ್ತು. ಈಗ ಕಾಯ್ತಾ ಕೂತ ಅಂಬಿಗರಿಲ್ಲ. ಬರೋ ಹಾಗೆ ನಾವೇ ಕರೀಬೇಕು.

ಮಾವ ಏಪ್ರಿಲ್‌ನಲ್ಲಿ ಕೋಲು ಹಿಡಿದು ನಡೆಯೋಕೆ ಶುರು ಮಾಡಿದರು. ಮೂಟೆ ಎತ್ತೋಕೆ ಇನ್ನೂ ಆಗಲ್ಲ, ಸದ್ಯಕ್ಕೆ ತೂಕದ ಹತ್ತಿರ ಚೀಟಿ ಬರೆಯೋ ಕೆಲಸ ಕೊಟ್ಟಿದ್ದಾರೆ, ಕೂಲಿ ಕಮ್ಮಿ. ಹೋದ ತಿಂಗಳು ಅವರಿಗೊಂದು, ಅವರ ಮಗನಿಗೊಂದು ಕಿತ್ತಳೆ ಬಣ್ಣದ ಸೀಟಿ ತಗೊಂಡು ಹೋಗಿದ್ದೆ. ಮಾವ ‘ನಾನೇನು ಕಂಡಕ್ಟರೇನೋ?’ ಅಂತ ನಕ್ಕರು. ಹುಡುಗ ಮಾತ್ರ ನಗಲಿಲ್ಲ. ತಗೊಂಡು ಮೂರು ಸಲ ಊದಿದ, ನಿಲ್ಲಿಸಿದ, ಮತ್ತೆ ಮೂರು ಸಲ ಊದಿದ. ಓಣಿಯ ಜನ ಹೊರಗೆ ಬಂದು ನೋಡಿದರು.

ಅಷ್ಟೇ ಬೇಕಾಗಿರೋದು.